ಪೊಟ್ಟಣದೊಳಗಿನ ಬಿಸಿಲು

ಸೈದಾಪುರದ ರೈಲು ನಿಲ್ದಾಣದಲ್ಲಿ ವೈಶಾಖದ ಮಧ್ಯಾಹ್ನ ಬಂದಿಳಿದವನೊಡನೆ, ಸೂರ್ಯಕಿರಣದ ಅಭಾವದಿಂದ ಮನುಷ್ಯನ ಎಲುಬುಗಳು ಶಕ್ತಿಗುಂದುವುದುಂಟೆಂದು ಯಾರಾದರೂ ಹೇಳಿದರೆ ಆತನು ಅದನ್ನು ಪರಿಹಾಸವೆಂದೇ ಎಣಿಸಿಯಾನು. ಆದರೂ 2020ರ ಮಾರ್ಚಿನಲ್ಲಿ ಕೊರೋನಾದಿಂದ ದೇಶದ ಮೊದಲನೆಯ ಮರಣವು ನಮ್ಮ ನೆರೆಯ ಕಲಬುರಗಿಯಲ್ಲಿಯೇ ಸಂಭವಿಸಿ, ಅದೇ ತಿಂಗಳ 25ರಿಂದ ನಾಡಿಗೆ ನಾಡೇ ಕದವಿಕ್ಕಿಕೊಂಡ ತರುವಾಯ, ಈ ಬಿಸಿಲಸೀಮೆಯ ನಮ್ಮ ಮನೆಯ ಮಾಡದೊಳಕ್ಕೂ ವಿಟಮಿನ್ ಡಿ ಪೊಟ್ಟಣಗಳು ಬಂದು ಕುಳಿತವು.

ಸೋಂಕು ಉಲ್ಬಣಿಸಿದವರ ರಕ್ತದಲ್ಲಿ ಈ ಜೀವಸತ್ವ ಕಡಿಮೆಯಿತ್ತೆಂಬ ವಾರ್ತೆಯೇ ಅದಕ್ಕೆ ಕಾರಣ. ವೃದ್ಧರು, ಸ್ಥೂಲಕಾಯರು, ಮನೆ ಬಿಟ್ಟು ಹೊರಡಲಾರದ ರೋಗಿಗಳು, ಇವರಲ್ಲಿ ಅದು ಮೊದಲೇ ಕಡಿಮೆ. ಮಾರಿಯು ಹೆಚ್ಚಾಗಿ ಪೀಡಿಸಿದ್ದೂ ಇವರನ್ನೇ. ಹೀಗಿರಲು ಯಾವುದು ಕಾರಣ, ಯಾವುದು ಕೇವಲ ಸಹಚರವೆಂದು ವಿಚಾರಿಸುವ ವ್ಯವಧಾನ ಆಗ ಯಾರಿಗಿತ್ತು? ಬ್ರೆಜಿಲ್ಲಿನ ಸಾವೊ ಪೌಲೊದಲ್ಲಿ ರೋಗಿಗಳಿಗೆ ಒಮ್ಮೆಗೇ 2 ಲಕ್ಷ ಯೂನಿಟ್ಟುಗಳನ್ನು ಕೊಟ್ಟು ಪರೀಕ್ಷಿಸಿದವರು, ಅದರಿಂದ ಆಸ್ಪತ್ರೆವಾಸವೇನೂ ಕಡಿಮೆಯಾಗಲಿಲ್ಲವೆಂದು 2021ರಲ್ಲಿ ಪ್ರಕಟಿಸಿದರು. ಆ ವೇಳೆಗೆ ನಮ್ಮ ಪೊಟ್ಟಣಗಳು ಹಾಲಿನಲ್ಲಿ ಕರಗಿ ಹೋಗಿದ್ದವು.

ಬಿಸಿಲು ಮಾಡುವ ಕಾರ್ಯ ಸೋಜಿಗದ್ದು. ಅದರ ಅತಿನೇರಳೆ ಕಿರಣವು ಚರ್ಮದಲ್ಲಿರುವ ಕೊಬ್ಬಿನಂಥ ಒಂದು ದ್ರವ್ಯವನ್ನು ಜೀವಸತ್ವವಾಗಿ ಪರಿವರ್ತಿಸಲು, ಯಕೃತ್ತೂ ಮೂತ್ರಪಿಂಡವೂ ಅದನ್ನು ಅನುಕ್ರಮವಾಗಿ ಸಂಸ್ಕರಿಸಿ, ಆಹಾರದ ಸುಣ್ಣದಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುತ್ತವೆ. ಕಿಟಕಿಯ ಗಾಜೂ ತುಂಬು ಉಡುಪೂ ಆ ಕಿರಣವನ್ನು ತಡೆಯುವುದರಿಂದ, ಬಿಸಿಲನಾಡಿನಲ್ಲಿದ್ದೂ ನೆರಳಿನಲ್ಲೇ ಬಾಳುವವರಿಗೆ ಕೊರತೆ ತಪ್ಪಿದ್ದಲ್ಲ. ಇತ್ತ ತೊಗರಿಯ ಹೊಲದಲ್ಲಿ ದಿನವಿಡೀ ಬೆಂದವನಿಗೂ ಅದು ಅತಿಯಾಗದು. ಏಕೆಂದರೆ ಮಿಗಿಲಾದುದನ್ನು ಆ ಬಿಸಿಲೇ ನಿಷ್ಕ್ರಿಯ ದ್ರವ್ಯಗಳಾಗಿ ಮಾರ್ಪಡಿಸಿಬಿಡುತ್ತದೆ. ಪೊಟ್ಟಣದ ಪುಡಿಗೆ ಇಂಥ ಲಗಾಮಿಲ್ಲ.

ವಯಸ್ಕನಿಗೆ ದಿನಕ್ಕೆ 600 ಯೂನಿಟ್ಟು ಸಾಕೆಂದು ಅಮೆರಿಕದ ತಜ್ಞರು 2010ರಲ್ಲಿ ನಿರ್ಣಯಿಸಿದರು; ನಮ್ಮ ಪೊಟ್ಟಣದಲ್ಲಿದ್ದುದು 60,000, ಎಂದರೆ ನೂರು ದಿನಗಳ ಗ್ರಾಸ. ಕೊರತೆಯುಳ್ಳವರಿಗೆ ವಾರಕ್ಕೊಂದರಂತೆ ಎಂಟು ವಾರ ಕೊಡುವುದು ವಾಡಿಕೆ. ನಮ್ಮ ಚಿಗವ್ವ ದಿನಕ್ಕೊಂದರಂತೆ ಕುಡಿದಳು. ಕೇಳಿದರೆ, "ವಾರಗಟ್ಟಲೆ ನಾ ಕಾಯ್ತೀನಿ, ಜಡ್ಡು ಕಾಯ್ತದೇನಪ್ಪ?" ಎಂದಳು.

ಅತಿಯಾದ ಡಿ ಜೀವಸತ್ವವು ರಕ್ತದಲ್ಲಿ ಸುಣ್ಣದಂಶವನ್ನೇರಿಸುತ್ತದೆ: ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಪದೇಪದೇ ಮೂತ್ರ, ಕಡೆಗೆ ಮೂತ್ರಪಿಂಡಕ್ಕೇ ಹಾನಿ. ಸೈದಾಪುರದ ಬೇಸಗೆಯಲ್ಲಿ ಬಾಯಾರಿಕೆಯನ್ನು ರೋಗವೆಂದು ಯಾರು ಬಗೆದಾರು! ಹರವಿ ಬೇಗ ಬರಿದಾಗುವುದನ್ನು ಕಂಡು ನಾವು ಬಿಸಿಲನ್ನೇ ಬೈದೆವು. ವಾಂತಿ ಹಿಡಿದ ಮೇಲೆ ರಕ್ತಪರೀಕ್ಷೆಯಾಯಿತು, ಪುಡಿ ನಿಂತಿತು. ಕೊಬ್ಬಿನಲ್ಲಿ ಸೇರಿಕೊಂಡದ್ದು ಮಾತ್ರ ತಿಂಗಳುಗಟ್ಟಲೆ ಜಿನುಗುತ್ತಲೇ ಇರುವುದರಿಂದ, ಹಾಲು ಕಡಿಮೆ ಮಾಡಿರೆಂದೂ ಬಿಸಿಲಿಗೆ ಹೋಗಬೇಡಿರೆಂದೂ ವೈದ್ಯರು ವಿಧಿಸಿದರು.

"ಸೈದಾಪುರದಾಗಿದ್ದು ಬಿಸಿಲಿಗಿ ಹೋಗಬ್ಯಾಡಂದ್ರ," ಎಂದಳು ಚಿಗವ್ವ, "ಎಲ್ಲಿಗಿ ಹೋಗ್ಲೆಪ್ಪ?"