ಅಂಗೈಯಲ್ಲೊಂದು ಜುಗಾರಿ ಅಡ್ಡೆ

ವಾರ್ಷಿಕ ಹಬ್ಬದ ಸಂಜೆ ಚರ್ಚಿನ ಮೈದಾನದಲ್ಲಿ ಹೌಸಿ ಆಡದ ಕಥೋಲಿಕ ಕುಟುಂಬಗಳು ನಮ್ಮ ಕರಾವಳಿಯಲ್ಲಿ ವಿರಳ. 15 ಸಂಖ್ಯೆಗಳ ಒಂದು ಚೀಟಿ, 1ರಿಂದ 90ರವರೆಗಿನ ಅಂಕಿಗಳನ್ನು ಧ್ವನಿವರ್ಧಕದಲ್ಲಿ ಕೂಗುವ ಒಬ್ಬ ಯುವಕ, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಚೀಟಿಯ ಮೇಲೆ ಗೆರೆ ಎಳೆಯುವ ತಾಯಂದಿರು. ಅದೂ ಅದೃಷ್ಟದ ಆಟವೇ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದುದರಿಂದಲೇ, ಮೊಬೈಲಿನಲ್ಲಿ ಸ್ಲಾಟ್ ಆಡಿ ಹಣ ಕಳೆದುಕೊಂಡ ಮಗನನ್ನು ತಂದೆ ಗದರಿಸಿದಾಗ, "ಚರ್ಚಿನಲ್ಲಿ ಆಡಿದರೆ ಧರ್ಮಕಾರ್ಯ, ನಾನು ಆಡಿದರೆ ಪಾಪವೇ ಪಪ್ಪಾ?" ಎಂಬ ಮರುಪ್ರಶ್ನೆ ಏಳುವುದು ಸಹಜ. ಉದ್ಧಟತನವೆಂದು ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡುವುದು ಹಿರಿಯರಾದ ನಮ್ಮ ಹೊಣೆ ಎಂದೇ ನಾವು ಭಾವಿಸುತ್ತೇವೆ.

ಧರ್ಮಸಭೆ ಅದೃಷ್ಟದ ಆಟಗಳನ್ನೆಲ್ಲ ಸಾರಾಸಗಟಾಗಿ ಪಾಪವೆಂದು ಸಾರಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಣದ ಆಟ ತನ್ನಷ್ಟಕ್ಕೆ ತಾನೇ ನ್ಯಾಯಕ್ಕೆ ವಿರುದ್ಧವಲ್ಲ. ತನ್ನ ಹಾಗೂ ತನ್ನವರ ಅಗತ್ಯಗಳಿಗೆ ಬೇಕಾದುದನ್ನು ಅದು ಕಸಿದುಕೊಂಡಾಗ ಅನೈತಿಕವಾಗುತ್ತದೆ. ಅದರ ಹುಚ್ಚು ಮನುಷ್ಯನನ್ನು ಗುಲಾಮನನ್ನಾಗಿ ಮಾಡುವ ಅಪಾಯವಿದೆ ಎಂಬುದು ಅದರ ಸಾರಾಂಶ. ಹಾಗಾದರೆ ಪ್ರಶ್ನೆ ಆಟದ ಹೆಸರಿನದಲ್ಲ, ಅದು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದರದು. ಹೌಸಿಯಲ್ಲಿ ಚೀಟಿಯ ಬೆಲೆ ಮೊದಲೇ ಗೊತ್ತು. ಎಲ್ಲ ಬಹುಮಾನಗಳು ಹೋದೊಡನೆ ಆಟ ಮುಗಿಯುತ್ತದೆ. ಮೇಲಾಗಿ, ಗುರಿಕಾರರಿಂದ ಹಿಡಿದು ನೆರೆಮನೆಯ ಅಜ್ಜಿಯವರೆಗೆ ಎಲ್ಲರೂ ನೋಡುತ್ತಿರುತ್ತಾರೆ. ಒಬ್ಬಾತ ಐವತ್ತು ಚೀಟಿ ಕೊಂಡರೆ ಮರುದಿನ ವಾರ್ಡಿಗೆಲ್ಲ ಅದೇ ಸುದ್ದಿ! ಮೊಬೈಲಿನ ಸ್ಲಾಟಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅದಕ್ಕೆ ಮಿತಿಯಿಲ್ಲ, ಮುಕ್ತಾಯವಿಲ್ಲ, ಸಾಕ್ಷಿಯೂ ಇಲ್ಲ.

ಈ ಆಟದ ಮೂಲ 19ನೆಯ ಶತಮಾನದ ಕೊನೆಯ ದಶಕದ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿದೆ. ಬವೇರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಚಾರ್ಲ್ಸ್ ಫೇ ಎಂಬ ಯಂತ್ರಕುಶಲಿ ರೂಪಿಸಿದ 'ಲಿಬರ್ಟಿ ಬೆಲ್' ಯಂತ್ರಕ್ಕೆ ಐದು ಸೆಂಟಿನ ನಾಣ್ಯ ಹಾಕಿ ಹಿಡಿ ಎಳೆದರೆ ಮೂರು ಚಕ್ರಗಳು ತಿರುಗಿ ನಿಲ್ಲುತ್ತಿದ್ದವು; ಮೂರು ಗಂಟೆಗಳ ಚಿತ್ರ ಒಂದೇ ಸಾಲಿಗೆ ಬಂದರೆ ಗರಿಷ್ಠ ಬಹುಮಾನ ಐವತ್ತು ಸೆಂಟು. ಅದು ಹಲ್ಲುಚಕ್ರ, ಸ್ಪ್ರಿಂಗುಗಳ ಕಾಲ. ಒಂದೊಂದು ಚಕ್ರದಲ್ಲಿ 20 ಚಿತ್ರಗಳಿದ್ದರೆ ಮೂರು ಚಕ್ರಗಳಿಂದ 8,000 ಜೋಡಣೆಗಳು ಮಾತ್ರ ಸಾಧ್ಯ. ಕಣ್ಣಿಗೆ ಕಾಣುವ ಚಕ್ರವೂ ಫಲಿತಾಂಶವೂ ಒಂದೇ ಆಗಿದ್ದವು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ದೊರೆತ ಪೇಟೆಂಟ್ ಈ ಸಂಬಂಧವನ್ನು ಕಡಿದುಹಾಕಿತು. ಅಂದಿನಿಂದ ಫಲಿತಾಂಶವನ್ನು ನಿರ್ಧರಿಸುವುದು ಒಳಗಿರುವ ಕಂಪ್ಯೂಟರು. ಹೊರಗೆ ತಿರುಗುವ ಚಕ್ರ ಆ ತೀರ್ಪನ್ನು ಅಭಿನಯಿಸುವ ವೇಷಧಾರಿ ಮಾತ್ರ. ಒಂದು ಚಿತ್ರ ಎಷ್ಟು ಬಾರಿ ಬರಬೇಕು, ದೊಡ್ಡ ಬಹುಮಾನದ ಚಿತ್ರ ಗೆರೆಯ ಮೇಲೆಯೋ ಕೆಳಗೆಯೋ ಕೂದಲೆಳೆಯಷ್ಟರಲ್ಲಿ ತಪ್ಪಿದಂತೆ ಎಷ್ಟು ಬಾರಿ ಕಾಣಬೇಕು ಎಂಬುದನ್ನು ತಯಾರಕರೇ ತೂಗಿ ಇಡುವಂತಾಯಿತು. "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು, ಮುಂದಿನ ಬಾರಿ ಖಂಡಿತ" ಎಂದು ಆಡುವವನು ಅಂದುಕೊಳ್ಳುತ್ತಾನಲ್ಲ, ಆ 'ಸ್ವಲ್ಪ' ಲೆಕ್ಕ ಹಾಕಿ ಇಟ್ಟದ್ದು.

ಮೊಬೈಲಿನಲ್ಲಂತೂ ಚಕ್ರವೇ ಇಲ್ಲ, ಇರುವುದು ಚಿತ್ರ. ಗುಂಡಿ ಒತ್ತಿದ ಕ್ಷಣದಲ್ಲಿ ಸೋಲು ಗೆಲುವು ತೀರ್ಮಾನವಾಗಿರುತ್ತದೆ. ಹತ್ತು ರೂಪಾಯಿ ಕಟ್ಟಿದವನಿಗೆ ನಾಲ್ಕು ರೂಪಾಯಿ ಮರಳಿದಾಗಲೂ ದೀಪ ಮಿನುಗುತ್ತದೆ, ನಾಣ್ಯ ಸುರಿದ ಸದ್ದು ಕೇಳುತ್ತದೆ. ಆರು ರೂಪಾಯಿ ಸೋತವನಿಗೆ ಗೆದ್ದ ಸಂಭ್ರಮ!

ಇಂತಹ ಆಟಗಳಲ್ಲಿ "ಶೇಕಡಾ 96 ಹಣ ಮರಳುತ್ತದೆ" ಎಂಬ ಮಾತನ್ನು ಕಾಣಬಹುದು. ಇದನ್ನು ಓದಿದವರು ಸಾವಿರ ರೂಪಾಯಿ ಹಾಕಿದರೆ ಹೋಗುವುದು ನಲವತ್ತು ರೂಪಾಯಿ ತಾನೇ ಎಂದು ಭಾವಿಸುತ್ತಾರೆ. ಲೆಕ್ಕ ಹಾಗಿಲ್ಲ. ಆ ಶೇಕಡಾ 96 ಒಂದೊಂದು ಸುತ್ತಿನ ಪಣಕ್ಕೆ ಅನ್ವಯಿಸುವ ಸರಾಸರಿ. ಮರಳಿ ಬಂದ ಹಣವನ್ನು ಆಡುವವನು ಕಿಸೆಗೆ ಹಾಕುವುದಿಲ್ಲ, ಮತ್ತೆ ಪಣಕ್ಕಿಡುತ್ತಾನೆ. ಸಾವಿರ 960 ಆಗುತ್ತದೆ, ಅದನ್ನು ಇಟ್ಟರೆ ಸುಮಾರು 922, ಆಮೇಲೆ 885. ಇಡೀ ಮೊತ್ತ ಹದಿನೇಳು ಬಾರಿ ಹೀಗೆ ಹೊರಳುವಷ್ಟರಲ್ಲಿ ಸರಾಸರಿ ಅರ್ಧದಷ್ಟು ಹಣ ಮಾಯ. ಸುತ್ತೊಂದಕ್ಕೆ ಎರಡೂವರೆ ಸೆಕೆಂಡಿನಂತೆ ಆಡಿದರೆ ಗಂಟೆಗೆ 1,440 ಸುತ್ತುಗಳು. ಬರೇ ಹತ್ತು ರೂಪಾಯಿಯ ಪಣವಾದರೂ ಗಂಟೆಯೊಂದರಲ್ಲಿ 14,400 ರೂಪಾಯಿ ಪಣಕ್ಕೆ ಬೀಳುತ್ತದೆ; ಅದರ ಶೇಕಡಾ 4, ಅಂದರೆ 576 ರೂಪಾಯಿ ಸರಾಸರಿ ನಷ್ಟ. ಇದು ಆಟದ ನಿಯಮವನ್ನು ಪಾಲಿಸುವ ಪ್ರಾಮಾಣಿಕ ಯಂತ್ರದ ಮಾತು. ಯಾವ ಸರಕಾರದ ಪರೀಕ್ಷೆಗೂ ಒಳಪಡದ ಕಳ್ಳತಾಣಗಳಲ್ಲಿ ಆ 96 ಎಂಬ ಅಂಕಿಗೂ ಆಧಾರವಿಲ್ಲ.

ಆಡುವವನು ಹಣದಾಸೆಗೆ ಬಲಿಯಾದ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಈ ಮಾತು ಅರ್ಧಸತ್ಯ. ಅಮೆರಿಕದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ ಲಾಸ್ ವೇಗಸ್ ನಗರದ ಯಂತ್ರಜೂಜಿನ ಬಗ್ಗೆ ದೀರ್ಘಕಾಲ ಅಧ್ಯಯನ ನಡೆಸಿ 2012ರಲ್ಲಿ 'ಅಡಿಕ್ಷನ್ ಬೈ ಡಿಸೈನ್' ಎಂಬ ಗ್ರಂಥ ಪ್ರಕಟಿಸಿದರು. ವ್ಯಸನಕ್ಕೆ ಸಿಲುಕಿದವರು ಆಕೆಗೆ ತಿಳಿಸಿದ ಸಂಗತಿ ವಿಚಿತ್ರವಾದುದು. ಅವರು ಆಡುತ್ತಿದ್ದುದು ಗೆಲ್ಲಲಿಕ್ಕಲ್ಲ, ಆಡುತ್ತಲೇ ಇರಲಿಕ್ಕೆ. ಯಂತ್ರದೆದುರು ಕುಳಿತಾಗ ಸಂಸಾರದ ಚಿಂತೆ, ಸಾಲ, ಸಮಯ ಎಲ್ಲವೂ ಮರೆತುಹೋಗುವ ಒಂದು ಮಂಪರಿನ ಸ್ಥಿತಿ ಅವರಿಗೆ ಬೇಕಾಗಿತ್ತು. ಅಂಥವರ ಪಾಲಿಗೆ ಗೆದ್ದ ಹಣವೆಂದರೆ ಮತ್ತಷ್ಟು ಹೊತ್ತು ಆಡುವ ಅವಕಾಶ. "ಗೆದ್ದಾಗಲೇ ಎದ್ದು ಬರಬಾರದಿತ್ತೇ?" ಎಂಬ ಮನೆಯವರ ಪ್ರಶ್ನೆ ಅವನಿಗೆ ನಾಟದಿರುವುದು ಇದಕ್ಕಾಗಿ.

ಬ್ರಿಟನಿನಲ್ಲಿ ಆನ್‌ಲೈನ್ ಸ್ಲಾಟ್ ಕಾನೂನುಬದ್ಧ. ಆದರೂ ಅಲ್ಲಿನ ಜೂಜು ಆಯೋಗ 2021ರ ಅಕ್ಟೋಬರ್ 31ರಿಂದ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡು ಹಿಡಿಯಲೇಬೇಕೆಂದು ವಿಧಿಸಿತು. ತನ್ನಷ್ಟಕ್ಕೆ ತಿರುಗುತ್ತಿರುವ ಸೌಲಭ್ಯವನ್ನೂ ಸೋಲನ್ನು ಗೆಲುವಿನಂತೆ ಸಂಭ್ರಮಿಸುವ ಸದ್ದು ಬೆಳಕನ್ನೂ ನಿಷೇಧಿಸಿತು. 2025ರ ಏಪ್ರಿಲಿನಿಂದ ಒಂದು ಸುತ್ತಿನ ಪಣ 5 ಪೌಂಡು ಮೀರುವಂತಿಲ್ಲ. ಅದೇ ವರ್ಷದ ಮೇ ತಿಂಗಳಿನಿಂದ 25 ವರ್ಷಕ್ಕಿಂತ ಕಿರಿಯರಿಗೆ ಮಿತಿ 2 ಪೌಂಡು. ಜೂಜಿಗೆ ಅನುಮತಿ ಕೊಟ್ಟ ಸರಕಾರವೇ ಅದರ ವೇಗಕ್ಕೂ ಸದ್ದಿಗೂ ಕಡಿವಾಣ ಹಾಕಿತೆಂದರೆ ದೋಷ ಆಡುವವನ ದುರ್ಬಲ ಮನಸ್ಸಿನಲ್ಲಿ ಮಾತ್ರ ಇಲ್ಲ ಎಂದಂತಾಯಿತು.

ನಮ್ಮ ಕಡೆಯವರಿಗೆ ಸ್ಲಾಟ್ ಯಂತ್ರ ಒಂದು ಕಾಲದಲ್ಲಿ ದೂರದ ಸಂಗತಿ. 1992ರಲ್ಲಿ ಗೋವಾ ತನ್ನ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಈ ಯಂತ್ರಗಳಿಗೆ ಅವಕಾಶ ಕೊಟ್ಟಿತು. ಆಗಲೂ ಆಡಬೇಕೆಂದರೆ ಪ್ರಯಾಣ ಬೆಳೆಸಬೇಕು, ಹೋಟೆಲಿನ ಬಾಗಿಲು ದಾಟಬೇಕು, ಕಂಡವರ ಕಣ್ಣು ತಪ್ಪಿಸಬೇಕು. ಆ ಅಡೆತಡೆಗಳೇ ಅನೇಕರನ್ನು ಕಾಪಾಡಿದವು. ಇಂದು ಮನೆಯವರೆಲ್ಲ ಸಂಜೆಯ ಜಪಸರಕ್ಕೆ ಮೊಣಕಾಲೂರಿರುವಾಗ ಹಿಂದಿನ ಸಾಲಿನಲ್ಲಿ ಕುಳಿತವನ ಅಂಗೈಯೊಳಗೆ ಆಟ ನಡೆಯುತ್ತಿರಬಹುದು.

ಕಾನೂನು ಸುಮ್ಮನೆ ಕುಳಿತಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಬಳಿಕ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ಹಣವನ್ನು ಪಣಕ್ಕಿಡುವ ಎಲ್ಲ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಐವತ್ತು ಲಕ್ಷದವರೆಗೆ ದಂಡ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಅವನನ್ನು ಅದು ಬಲಿಯಾದವನೆಂದು ಕಾಣುತ್ತದೆ. ಪೊಲೀಸರ ಭಯದಿಂದ ಬಾಯಿ ಮುಚ್ಚಿ ಕುಳಿತ ಮನೆಯವರು ಈ ಅಂಶವನ್ನು ಗಮನಿಸಬೇಕು.

ಹೆಸರುವಾಸಿ ಕಂಪೆನಿಗಳು ಹಣದ ಆಟವನ್ನು ನಿಲ್ಲಿಸಿದವು, ನಿಜ. ಆದರೆ ಹೊರದೇಶಗಳಲ್ಲಿ ಬೇರು ಬಿಟ್ಟ ತಾಣಗಳಿಗೆ ವಾಟ್ಸ್ಆ್ಯಪ್, ಟೆಲಿಗ್ರಾಂ ಮೂಲಕ ಕೊಂಡಿ ಕಳುಹಿಸುವ ಮಧ್ಯವರ್ತಿಗಳು ಮಾಯವಾಗಿಲ್ಲ. ಹಣ ಹೋಗುವುದು ಯಾವುದೋ ಅಪರಿಚಿತನ ಹೆಸರಿನ ಬ್ಯಾಂಕ್ ಖಾತೆಗೆ. ಕಮಿಷನ್ನಿನ ಆಸೆಗೆ ತಮ್ಮ ಖಾತೆಯನ್ನು ಬಾಡಿಗೆಗೆ ಕೊಟ್ಟ ಕಾಲೇಜು ಹುಡುಗರ ಖಾತೆಗಳನ್ನು ತನಿಖೆಯ ವೇಳೆ ತಡೆಹಿಡಿಯಲಾಗುತ್ತದೆ, ಅವರು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಇನ್ನು, ನಾಣ್ಯಗಳನ್ನು ಹಣ ಕೊಟ್ಟು ಕೊಂಡು, ಗೆದ್ದರೂ ಒಂದು ರೂಪಾಯಿ ಮರಳಿ ಪಡೆಯಲಾಗದ 'ಮನರಂಜನೆಯ' ಸ್ಲಾಟ್ ಆಟಗಳಿವೆ. ಮಕ್ಕಳ ಕೈಗೆ ಮೊದಲು ಸಿಗುವುದು ಇವೇ. ಅದೇ ಚಕ್ರ, ಅದೇ ಸದ್ದು, ಅದೇ ಸ್ವಲ್ಪದರಲ್ಲಿ ತಪ್ಪಿದ ಆಸೆ. "ಹಣದ ಆಟವಲ್ಲ, ಸುಮ್ಮನೆ ಆಡುತ್ತಾನೆ" ಎಂಬ ತಾಯಂದಿರ ಸಮಾಧಾನವನ್ನು ನಾವು ಒಪ್ಪಲಾರೆವು.

ಮನೆಯೊಳಗೆ ಇದು ಬೆಳೆಯುವ ಬಗೆ ಹೆಚ್ಚುಕಡಿಮೆ ಒಂದೇ. ಮೊದಲು ಸಂಬಳ ಸಾಲದೆ ಹೋಗುತ್ತದೆ. ನಂತರ ಸ್ನೇಹಿತರ ಕೈಸಾಲ, ಮೊಬೈಲಿನಲ್ಲೇ ಸಿಗುವ ಸಾಲ. ಅದರ ಬೆನ್ನಿಗೆ ಫೋನಿನಲ್ಲಿರುವ ನಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ಬೆದರಿಕೆ. ತಾಯಿಯ ಬಳೆ ಸೊಸೈಟಿಯಲ್ಲಿ ಅಡವಿಗೆ ಹೋಗುತ್ತದೆ. ಗಲ್ಫಿನಲ್ಲಿರುವ ತಂದೆಗೆ ತಿಳಿಯುವಾಗ ಮನೆಯ ರಿಪೇರಿಗೆಂದು ಕಳುಹಿಸಿದ ಹಣ ಉಳಿದಿರುವುದಿಲ್ಲ. ಆಗ ಕುಟುಂಬ ಮಾಡುವ ಕೆಲಸವೇನು? ತಂಗಿಯ ಮದುವೆಯ ಮಾತುಕತೆ ನಡೆಯುತ್ತಿದೆ, ಊರಿಗೆ ತಿಳಿಯಬಾರದು ಎಂದು ಬಾಗಿಲು ಮುಚ್ಚಿ, ಚಿನ್ನ ಮಾರಿ, ಸಾಲ ತೀರಿಸಿ, ಬೈಬಲಿನ ಮೇಲೆ ಕೈ ಇಡಿಸಿ ಆಣೆ ಹಾಕಿಸುತ್ತದೆ.

ಇಲ್ಲಿಯೇ ಎಡವಟ್ಟಾಗುವುದು. ಆಟಕ್ಕೆ ಸಾಕ್ಷಿಯಿಲ್ಲದಿದ್ದುದೇ ರೋಗಕ್ಕೆ ಗೊಬ್ಬರವಾಗಿತ್ತು. ಈಗ ಸಾಲ ತೀರಿದ್ದಕ್ಕೂ ಸಾಕ್ಷಿಯಿಲ್ಲ. ಸಾಲದ ಭಾರ ಇಳಿದ ಕೂಡಲೇ ಹೊಸ ಸಾಲಕ್ಕೆ ದಾರಿ ತೆರೆಯುತ್ತದೆ. ಆಣೆ ಹಾಕಿದವನು ಸುಳ್ಳುಗಾರನಾಗಿರಬೇಕಿಲ್ಲ, ಆ ಗಳಿಗೆಯಲ್ಲಿ ಅವನ ಕಣ್ಣೀರು ನಿಜವೇ ಇರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕದ್ರವ್ಯಗಳ ವ್ಯಸನದೊಂದಿಗೆ ಒಂದೇ ಅಧ್ಯಾಯಕ್ಕೆ ಸೇರಿಸಿದೆ. ಕುಡುಕನಿಗೆ ಆಣೆ ಹಾಕಿಸಿ ಫಲವಿಲ್ಲವೆಂದು ನಮ್ಮ ಧರ್ಮಕೇಂದ್ರಗಳು ಅನುಭವದಿಂದ ಕಲಿತಿವೆ. ವ್ಯಸನಿಗಳು ಒಬ್ಬರಿಗೊಬ್ಬರು ಸಾಕ್ಷಿಯಾಗಿ ನಿಲ್ಲುವ ಎ.ಎ. ಸಭೆಗಳಿಗೆ ಚರ್ಚಿನ ಸಭಾಗೃಹವನ್ನು ಬಿಟ್ಟುಕೊಡುವುದು ಹೊಸತೇನಲ್ಲ. ಅದೇ ಮಾದರಿಯಲ್ಲಿ ಜೂಜುವ್ಯಸನಿಗಳಿಗಾಗಿ 'ಗ್ಯಾಂಬ್ಲರ್ಸ್ ಅನಾನಿಮಸ್' 1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾಯಿತು. ಮದ್ಯಕ್ಕೆ ತೆರೆದ ಕೊಠಡಿಯನ್ನು ವಾರಕ್ಕೊಂದು ಸಂಜೆ ಇವರಿಗೂ ತೆರೆಯುವ ಬಗ್ಗೆ ಪಾಲನಾ ಮಂಡಳಿಗಳು ಯೋಚಿಸುವುದು ಒಳ್ಳೆಯದು.

ಊರಿಗೆಲ್ಲ ಡಂಗುರ ಸಾರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಮನೆಯ ಹೊರಗಿನ ಒಬ್ಬರಿಗಾದರೂ ತಿಳಿದಿರಲಿ. ಸೋದರಮಾವನಿರಬಹುದು, ಧರ್ಮಗುರುಗಳಿರಬಹುದು, ವಿವೇಕಿಯಾದ ಒಬ್ಬ ಸ್ನೇಹಿತನಿರಬಹುದು. ಎಲ್ಲ ಸಾಲಗಳ ಪಟ್ಟಿಯನ್ನು ಅವನ ಕೈಯಿಂದಲೇ ಬರೆಸಬೇಕು. ಸಾಲ ತೀರಿಸುವುದಾದರೆ ಅವನ ಸಂಬಳದಿಂದ ಕಂತುಕಂತಾಗಿ, ಮನೆಯವರ ಮೂಲಕ. ಅಲ್ಲಿಯವರೆಗೆ ಸಂಬಳದ ಖಾತೆ, ಎಟಿಎಂ ಕಾರ್ಡು, ಯುಪಿಐ ಮತ್ತೊಬ್ಬರ ವಶದಲ್ಲಿರಲಿ. ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕಪಟ್ಟಿಯನ್ನು ಇಬ್ಬರೂ ಜತೆಯಾಗಿ ಓದಲಿ. ನಡುರಾತ್ರಿ ಅಪರಿಚಿತ ಹೆಸರುಗಳಿಗೆ ಹೋದ ನೂರು, ಇನ್ನೂರು, ಐನೂರರ ಸಾಲುಗಳು ಮಗನ ಮುಖಕ್ಕಿಂತ ಹೆಚ್ಚು ಮಾತಾಡುತ್ತವೆ. "ಬದುಕಿ ಏನು ಪ್ರಯೋಜನ" ಎಂಬ ಮಾತು ಅವನ ಬಾಯಿಂದ ಬಂದರೆ ಅದನ್ನು ನಾಟಕವೆಂದು ಎಣಿಸದೆ, ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲು, ಇಂಟರ್‌ನೆಟ್ ಗೀಳಿಗಾಗಿಯೇ 2014ರಿಂದ 'ಶಟ್' ಎಂಬ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಣ ವಂಚನೆಯಾಗಿದ್ದರೆ 1930ಕ್ಕೆ ತಡಮಾಡದೆ ತಿಳಿಸಬೇಕು. ಆಡುವವನು ಚಿಕಿತ್ಸೆಗೆ ಒಪ್ಪಲಿ, ಬಿಡಲಿ, ಅವನ ತಾಯಿಯೋ ಹೆಂಡತಿಯೋ ತಮ್ಮ ಸಲುವಾಗಿಯೇ 14416ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.