ಅರ್ಧ ಗೆರೆಯ ನಡುಕ

ತಿಪಟೂರು ಕಡೆಯ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಕಾಗದ ಬರೆದಿದ್ದಾರೆ. ಪ್ರಶ್ನೆ ಒಂದೇ ಸಾಲಿನದು, ಅದಕ್ಕೆ ಪೀಠಿಕೆ ಮೂರು ಪುಟ. ಅವರು ಪಾಠ ಮಾಡುತ್ತಿದ್ದ ಶಾಲೆ ಗುಜರಿಗೆ ಹಾಕಲು ತೆಗೆದಿಟ್ಟ ಸಾಮಾನಿನಲ್ಲಿ ಒಂದು ಬಿಬಿಸಿ ಮೈಕ್ರೊ ಕಂಪ್ಯೂಟರ್ ಇತ್ತಂತೆ. ದುಡ್ಡು ಕೊಟ್ಟು ಮನೆಗೆ ತಂದರು. ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದ ಅಕ್ಕನ ಮಗ ಅಂಗಡಿ ಮುಚ್ಚುವಾಗ ಸ್ಟುಡಿಯೊದ ಸೋನಿ ಮಾನಿಟರನ್ನು ‘ನೀವೇ ಇಟ್ಕೊಳ್ಳಿ ಮಾಮ’ ಎಂದು ಕೊಟ್ಟುಹೋದ. ಎರಡನ್ನೂ ಒಂದು ತಂತಿಯಲ್ಲಿ ಜೋಡಿಸಿದರು. ಕಪ್ಪು–ಬಿಳುಪು ಚಿತ್ರ ಬಂತು. ‘ಆದರೆ ಅಕ್ಷರಗಳು ಚಳಿಜ್ವರ ಬಂದವರ ಹಾಗೆ ನಡುಗುತ್ತಿವೆ. ಮನೆಯ ಹಳೇ ಟೀವಿಯಲ್ಲಿ ಇಷ್ಟು ನಡುಕ ಇರಲಿಲ್ಲ. ಒಳ್ಳೇ ಮಾನಿಟರಿಗೆ ಹಾಕಿದರೆ ಕೆಟ್ಟದಾಗಿ ಕಾಣುವುದು ಯಾವ ನ್ಯಾಯ?’

ಮಾನಿಟರಿನ ಕಡೆಯಿಂದ ನೋಡಿದರೆ ನ್ಯಾಯವೇ, ಮೇಷ್ಟ್ರೇ. ನಿಮ್ಮ ಮನೆಯ ಟೀವಿ ಒಂದು ನಡುಕವನ್ನು ಮಬ್ಬಿನಲ್ಲಿ ಮುಚ್ಚಿಟ್ಟಿತ್ತು. ಸ್ಟುಡಿಯೊ ಮಾನಿಟರಿಗೆ ಅಂಥ ದಾಕ್ಷಿಣ್ಯ ಇಲ್ಲ.

ಬಿಬಿಸಿ ಮೈಕ್ರೊ ಎಂಬುದು ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಕೊನೆಗೆ ತಂದ ಯಂತ್ರ. ಜನರಿಗೆ ಕಂಪ್ಯೂಟರ್ ಕಲಿಸಬೇಕೆಂದು ಬಿಬಿಸಿ ಟೀವಿ ಒಂದು ಕಾರ್ಯಕ್ರಮ ಯೋಜಿಸಿತ್ತು, ಅದಕ್ಕೆ ತಕ್ಕ ಯಂತ್ರ ಬೇಕಾಗಿತ್ತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದರ ಹಿಂದಿದ್ದ ಮುಖ್ಯ ತಲೆಗಳು. ಆಮೇಲೆ ಅವರೇ ಎಆರ್‌ಎಂ ಚಿಪ್ಪನ್ನೂ ರೂಪಿಸಿದರು. ನಿಮ್ಮ ಜೇಬಿನಲ್ಲಿರುವ ಫೋನಿನ ವಂಶವೃಕ್ಷ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಬಿಬಿಸಿ ಮೈಕ್ರೊದ ಮಾಡೆಲ್ ಬಿ ಯಂತ್ರಕ್ಕೆ 32 ಕಿಲೋಬೈಟ್ ಮೆಮೊರಿ, ವೇಗ 2 ಮೆಗಾಹರ್ಟ್ಸ್. ಇವತ್ತು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ‘ಶುಭೋದಯ’ದ ಚಿತ್ರವೂ ಅದರೊಳಗೆ ಹಿಡಿಸಲಿಕ್ಕಿಲ್ಲ. ನಮ್ಮ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಹೆಸರಿನಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತಂದಾಗ ಬಂದಿಳಿದದ್ದು ಇದೇ ಯಂತ್ರ. ಎಷ್ಟೋ ಶಾಲೆಗಳಲ್ಲಿ ಅದು ಬೀಗ ಹಾಕಿದ ಕೋಣೆಯಲ್ಲಿ, ಧೂಳಿನ ಹೊದಿಕೆಯಡಿ ಸಂಸಾರ ಮಾಡಿತು. ಮೇಷ್ಟ್ರ ಯಂತ್ರ ಇನ್ನೂ ಮಾತಾಡುತ್ತಿರುವುದಕ್ಕೆ ಆ ಬೀಗವೂ ಒಂದು ಕಾರಣ ಇರಬಹುದು.

ತಂತಿಯ ವಿಚಾರ ಬೇಗ ಮುಗಿಸುತ್ತೇನೆ. ಬಿಬಿಸಿಯ ಬೆನ್ನಿನಲ್ಲಿ ಚಿತ್ರ ಹೊರಬರಲು ಮೂರು ಬಾಗಿಲಿವೆ. ಮೊದಲನೆಯದು ಟೀವಿಯ ಆಂಟೆನಾ ತೂತಿಗೆ ಹೋಗುವುದು. ಅಲ್ಲಿ ಚಿತ್ರವನ್ನು ಬಾನುಲಿ ಅಲೆಯ ಮೇಲೆ ಹೇರಿ ಕಳಿಸಿ, ಟೀವಿಯೊಳಗೆ ಮತ್ತೆ ಇಳಿಸಿಕೊಳ್ಳಬೇಕು. ಎರಡು ಬಾರಿ ಸಾಗಣೆಯಾದ ಮಾವಿನಹಣ್ಣಿನ ಗತಿ ಅದಕ್ಕೆ. ಎರಡನೆಯದು ತಿರುಗಿಸಿ ಕೂರಿಸುವ ಬಿಎನ್‌ಸಿ ಕನೆಕ್ಟರು. ಮೇಷ್ಟ್ರು ಬಳಸಿದ್ದು ಇದನ್ನೇ, ಅದಕ್ಕೇ ಬಣ್ಣವಿಲ್ಲ. ಮೂರನೆಯದು ಆರು ಪಿನ್ನಿನ ಗುಂಡು ಸಾಕೆಟ್ಟು. ಅದರಲ್ಲಿ ಕೆಂಪು, ಹಸಿರು, ನೀಲಿ, ಜೊತೆಗೆ ತಾಳ ಹೊಂದಿಸುವ ಸಿಂಕ್ ಸಂಕೇತ, ಎಲ್ಲ ಬೇರೆಬೇರೆಯಾಗಿ ಸಿಗುತ್ತವೆ. ಸ್ಟುಡಿಯೊ ಮಾನಿಟರಿನ ಹಿಂಭಾಗದಲ್ಲೂ ಈ ನಾಲ್ಕಕ್ಕೆ ನಾಲ್ಕು ಬಿಎನ್‌ಸಿ ತೂತುಗಳಿರುತ್ತವೆ. ಆದರೆ ನೇರವಾಗಿ ಚುಚ್ಚಬೇಡಿ. ಮಾನಿಟರು ಪ್ರತಿ ಬಣ್ಣಕ್ಕೆ ನಿರೀಕ್ಷಿಸುವುದು ಹೆಚ್ಚೆಂದರೆ 0.7 ವೋಲ್ಟ್. ಬಿಬಿಸಿಗೆ ಮಂದ ಕೆಂಪು, ತಿಳಿ ಕೆಂಪು ಎಂಬ ನಾಜೂಕು ಗೊತ್ತಿಲ್ಲ. ಬಣ್ಣ ಉಂಟು ಅಥವಾ ಇಲ್ಲ, ಅಷ್ಟೆ. (ಮೂರು ಬಣ್ಣ, ತಲಾ ಎರಡು ಸ್ಥಿತಿ, ಒಟ್ಟು 8 ಬಣ್ಣ.) ಅದು ‘ಉಂಟು’ ಎನ್ನುವುದು ಹಲವು ವೋಲ್ಟಿನ ದೊಡ್ಡ ದನಿಯಲ್ಲಿ. 3.5 ವೋಲ್ಟ್ ಅಂದುಕೊಳ್ಳಿ. ಮಾನಿಟರಿನೊಳಗೆ 75 ಓಮ್ ಇದೆ. ದಾರಿಯಲ್ಲಿ 300 ಓಮಿನ ರೆಸಿಸ್ಟರ್ ಇಟ್ಟರೆ ಒಟ್ಟು 375. ಮಾನಿಟರಿನ ಪಾಲಿಗೆ ಬರುವುದು ಐದನೇ ಒಂದು ಭಾಗ, ಅಂದರೆ ಸರಿಯಾಗಿ 0.7. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮೂರು ರೆಸಿಸ್ಟರ್ ಮಾಡುವ ಈ ಕೆಲಸವನ್ನು ಚಿನ್ನದ ಲೇಪದ ದುಬಾರಿ ಕೇಬಲ್ ಮಾಡುವುದಿಲ್ಲ. ಇನ್ನೊಂದು ಮಾತು: ಆ ಆರು ಪಿನ್ನಿನಲ್ಲಿ ಒಂದು ಬರೀ 5 ವೋಲ್ಟ್ ಕರೆಂಟು. ಅದನ್ನು ಮುಟ್ಟದೆ ಬಿಡಿ.

ಈಗ ನಡುಕಕ್ಕೆ ಬರೋಣ. ಇದನ್ನು ಹೇಳಬೇಕೆಂದೇ ನಾನು ಇಷ್ಟು ಹೊತ್ತು ತುದಿಗಾಲಲ್ಲಿ ನಿಂತಿದ್ದೆ.

ಹಳೆಯ ಟೀವಿಗಳ ಗೆರೆಗಳ ಲೆಕ್ಕ ನೋಡಿ. ಲಂಡನ್ನಿನಲ್ಲಿ 1936ರಲ್ಲಿ ಬಿಬಿಸಿ ಶುರುಮಾಡಿದ ಪ್ರಸಾರಕ್ಕೆ 405 ಗೆರೆ. ಅಮೆರಿಕದ್ದು 525. ನಮ್ಮ ದೂರದರ್ಶನದ್ದು 625. ಮೂರೂ ಬೆಸಸಂಖ್ಯೆ! 400, 500, 600 ಎಂದು ಗುಂಡಗೆ ಇಡಬಹುದಿತ್ತಲ್ಲ? ಬೇಕೆಂದೇ ಇಡಲಿಲ್ಲ. ಬೆಸಸಂಖ್ಯೆಯನ್ನು ಎರಡಾಗಿ ಒಡೆದರೆ ಒಂದು ಅರ್ಧ ಉಳಿಯುತ್ತದೆ. 625ರ ಅರ್ಧ 312.5. ಎಂಜಿನಿಯರುಗಳಿಗೆ ಬೇಕಾಗಿದ್ದದ್ದು ಆ ಬಾಲದ ಅರ್ಧ.

ಯಾಕೆ? ಸೆಕೆಂಡಿಗೆ 25 ಚಿತ್ರ ತೋರಿಸಿದರೆ ಚಲನೆಗೇನೋ ಸಾಕು, ಆದರೆ ಪರದೆ ಮಿಣುಕುತ್ತದೆ. 50 ಪೂರ್ತಿ ಚಿತ್ರ ಕಳಿಸೋಣವೆಂದರೆ ಆಕಾಶದಲ್ಲಿ ಎರಡು ಪಟ್ಟು ಜಾಗ ಬೇಕು. ಆಗ ಹೊಳೆದ ಉಪಾಯ ಎಂದರೆ, ಚಿತ್ರವನ್ನು ಎರಡು ಕಂತಿನಲ್ಲಿ ಕೊಡುವುದು. ಮೊದಲ ಕಂತಿನಲ್ಲಿ ಒಂದು ಬಿಟ್ಟು ಒಂದು ಗೆರೆ, ಎರಡನೆಯದರಲ್ಲಿ ಬಿಟ್ಟುಹೋದ ಗೆರೆಗಳು. ಹೊಲದಲ್ಲಿ ರಾಗಿಯ ಸಾಲು ಹಾಕಿ, ನಡುವಿನ ತೆರಪಿನಲ್ಲಿ ಅಕ್ಕಡಿ ಸಾಲು ಹಾಕಿದ ಹಾಗೆ. ಕಣ್ಣಿಗೆ 50 ಬಾರಿ ಬೆಳಕು ಬಿತ್ತು, ಜಾಗ 25ರದ್ದೇ ಸಾಕಾಯಿತು.

ಆದರೆ ಯಾವ ಸಾಲು ಯಾವ ತೆರಪಿಗೆ ಎಂದು ಟೀವಿಗೆ ಹೇಳುವವರು ಯಾರು? ಯಾರೂ ಇಲ್ಲ. ಇದರ ಸೊಗಸೇ ಅದು. ಪಿಕ್ಚರ್ ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಓಡುತ್ತಿರುವಾಗಲೇ ನಿಧಾನಕ್ಕೆ ಕೆಳಗೂ ಜಾರುತ್ತಿರುತ್ತದೆ. ಒಂದು ಗೆರೆ ಮುಗಿಯುವಷ್ಟರಲ್ಲಿ ಒಂದು ಹೆಜ್ಜೆ ಕೆಳಗಿಳಿದಿರುತ್ತದೆ, ಹಾಗಾಗಿ ಗೆರೆಗಳೆಲ್ಲ ಕೂದಲೆಳೆಯಷ್ಟು ಓರೆ. ‘ಮೇಲಕ್ಕೆ ಹೋಗು’ ಎಂಬ ಅಪ್ಪಣೆ ಗೆರೆ ಮುಗಿದ ಕ್ಷಣದಲ್ಲಿ ಬಂದರೆ ಕಿರಣ ಮೇಲೆ ಹೋಗಿ ಹಳೆಯ ಗೆರೆಗಳ ಮೇಲೇ ಮತ್ತೆ ಎಳೆಯುತ್ತದೆ. ಅದೇ ಅಪ್ಪಣೆ ಗೆರೆಯ ನಟ್ಟನಡುವೆ ಬಂತು ಅನ್ನಿ. ಕಿರಣ ಮೇಲಕ್ಕೇನೋ ಹೋಗುತ್ತದೆ, ಆದರೆ ಬಾಕಿ ಇದ್ದ ಅರ್ಧ ಗೆರೆ ಓಡಿ ಮುಗಿಸುವಷ್ಟರಲ್ಲಿ ಅರ್ಧ ಹೆಜ್ಜೆ ಕೆಳಗೆ ಜಾರಿಬಿಟ್ಟಿರುತ್ತದೆ. ಅಲ್ಲಿಂದ ಮುಂದಿನ ಗೆರೆಗಳೆಲ್ಲ ಆ ಅರ್ಧ ಹೆಜ್ಜೆಯ ಅಂತರದಲ್ಲಿ, ಹಿಂದಿನವುಗಳ ನಡುವೆ ಬಂದು ಕೂರುತ್ತವೆ! ಟೀವಿಯಲ್ಲಿ ಇದಕ್ಕೆಂದು ಒಂದು ಸರ್ಕ್ಯೂಟೂ ಇಲ್ಲ, ಸಮ–ಬೆಸದ ಜ್ಞಾನವೂ ಇಲ್ಲ. ಅಪ್ಪಣೆ ಅರ್ಧ ಗೆರೆಯಷ್ಟು ಹೊತ್ತು, ಅಂದರೆ ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ 32 ಭಾಗ ತಡವಾಗಿ ಬಂದದ್ದರಿಂದಲೇ ಇಡೀ ದೇಶದ ಟೀವಿಗಳಲ್ಲಿ ಗೆರೆಗಳು ಹೆಣೆದುಕೊಂಡವು. (ಅಂದಹಾಗೆ 405 ಎಂದರೆ 3×3×3×3×5, 525 ಎಂದರೆ 3×5×5×7, 625 ಎಂದರೆ 5×5×5×5. ವಾಲ್ವ್ ಕಾಲದ ಸರ್ಕ್ಯೂಟುಗಳಿಗೆ ಸಣ್ಣ ಸಂಖ್ಯೆಯಿಂದ ಮಾತ್ರ ನೆಚ್ಚಿಕೆಯಾಗಿ ಭಾಗಿಸಲು ಬರುತ್ತಿತ್ತು, ಅದಕ್ಕೆ ಈ ಆಯ್ಕೆ. ಮಗ್ಗಿ ಬೇಸರ ಎನ್ನುವ ಮಕ್ಕಳಿಗೆ ತೋರಿಸಿ.)

ಕ್ಯಾಮೆರಾದ ಚಿತ್ರಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಮುಖ, ಮರ, ಆಕಾಶ ಇವುಗಳಲ್ಲಿ ಅಕ್ಕಪಕ್ಕದ ಗೆರೆಗಳು ಹೆಚ್ಚುಕಡಿಮೆ ಒಂದೇ ತರಹ. ವಾರ್ತೆ ಓದುವವರು ಸಣ್ಣ ಅಡ್ಡಪಟ್ಟೆಯ ಅಂಗಿ ಹಾಕಿಕೊಂಡು ಬಂದರೆ ಮಾತ್ರ ಅಂಗಿ ಮಿಲಮಿಲ ಎನ್ನುತ್ತಿದ್ದದ್ದು ನೆನಪಿದೆಯೇ? ಒಂದೇ ಗೆರೆ ದಪ್ಪದ ಪಟ್ಟೆ ಒಂದು ಕಂತಿನಲ್ಲಿ ಇದ್ದು ಇನ್ನೊಂದರಲ್ಲಿ ಮಾಯವಾಗುವುದರಿಂದ ಹಾಗೆ.

ಕಂಪ್ಯೂಟರಿನ ಅಕ್ಷರಗಳು ಆ ಅಂಗಿಯ ಜಾತಿಯವು. ಬಿಬಿಸಿ ಮೈಕ್ರೊ ಮಾಮೂಲಿನಂತೆ ಟೀವಿಯ ಪದ್ಧತಿಯನ್ನೇ ಹಿಡಿದು ಅರ್ಧ ಗೆರೆಯನ್ನು ಕಳಿಸುತ್ತದೆ. ಆದರೆ 80 ಅಕ್ಷರದ ಸಾಲು ಕೊಡುವ ಮೋಡ್ 0ರಲ್ಲಿ ಅದರ ಬಳಿ ಇರುವುದು 256 ಗೆರೆಯ ಚಿತ್ರ ಮಾತ್ರ. ಎರಡನೇ ಕಂತಿಗೆ ಹೊಸದೇನೂ ಇಲ್ಲ, ಹಾಗಾಗಿ ಅದೇ ಚಿತ್ರವನ್ನು ಅರ್ಧ ಹೆಜ್ಜೆ ಕೆಳಗೆ ಮತ್ತೆ ಬರೆಯುತ್ತದೆ. ಅಕ್ಷರದ ತಲೆಯ ಮೇಲಿನ ಒಂದು ಬಿಳಿ ಗೆರೆ ಸೆಕೆಂಡಿಗೆ 25 ಬಾರಿ ಇಲ್ಲಿ, 25 ಬಾರಿ ಚೂರು ಕೆಳಗೆ. ಮೇಷ್ಟ್ರು ಕಂಡ ಚಳಿಜ್ವರ ಇದೇ. ಆಂಟೆನಾ ದಾರಿಯಲ್ಲಿ ಬಂದ ಚಿತ್ರದ ಮಬ್ಬಿನಲ್ಲಿ, ಅಗಲ ಕಿರಣದ ಮನೆ ಟೀವಿಯಲ್ಲಿ ಆ ಎರಡು ಗೆರೆ ಕಲಸಿ ಒಂದಾಗುತ್ತಿದ್ದವು. ಸ್ಟುಡಿಯೊ ಮಾನಿಟರಿನ ಕಿರಣ ಮೊನಚು. ಎರಡನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. ಸ್ಟುಡಿಯೊದವರು ಅದಕ್ಕೆ ಅಷ್ಟು ದುಡ್ಡು ಕೊಡುತ್ತಿದ್ದದ್ದು ತಪ್ಪು ಕಾಣಲಿ ಎಂದೇ.

ಮದ್ದು ಯಂತ್ರದೊಳಗೇ ಇದೆ. ಕೀಲಿಮಣೆಯಲ್ಲಿ *ಟಿವಿ 0,1 ಎಂದು ಒತ್ತಿ (ಇಂಗ್ಲಿಷಿನಲ್ಲೇ, ಮೊದಲು ನಕ್ಷತ್ರ ಚಿಹ್ನೆ), ಆಮೇಲೆ ಮೋಡ್ 0 ಎಂದು ಕೊಡಿ. ಕೊನೆಯ ಆ ಒಂದು ಎಂಬ ಅಂಕೆಗೆ ‘ಅರ್ಧ ಗೆರೆ ಬೇಡ’ ಎಂದರ್ಥ. ಯಂತ್ರ 312.5 ಬಿಟ್ಟು 312 ಪೂರ್ತಿ ಗೆರೆ ಕಳಿಸತೊಡಗುತ್ತದೆ. ಪಾಪದ ಮಾನಿಟರಿಗೆ ಏನೂ ಗೊತ್ತಾಗುವುದಿಲ್ಲ, ಹಳೆಯ ಗೆರೆಯ ಮೇಲೇ ಎಳೆಯುತ್ತ ಹೋಗುತ್ತದೆ. ನಡುಕ ಬಿಟ್ಟು ಅಕ್ಷರಗಳು ಕಲ್ಲಿನಲ್ಲಿ ಕೊರೆದ ಹಾಗೆ ನಿಲ್ಲುತ್ತವೆ. ನಾನು ಮೊದಲ ಸಲ ಇದನ್ನು ನೋಡಿದಾಗ, ಸುಮ್ಮನೆ ನೋಡುವುದಕ್ಕೇ, ಐದಾರು ಸಲ ಅದನ್ನು ಹಾಕಿ ತೆಗೆದಿದ್ದೇನೆ. ಆ ಕಾಲದ ಕಮಡೋರ್ 64, ಝಡ್ಎಕ್ಸ್ ಸ್ಪೆಕ್ಟ್ರಮ್ ಮುಂತಾದವು ಕೇಳುವ ಗೋಜಿಗೇ ಹೋಗದೆ ಮೊದಲಿನಿಂದಲೂ 312 ಗೆರೆಯನ್ನೇ ಕಳಿಸುತ್ತಿದ್ದವು. ಬಿಬಿಸಿ ಅರ್ಧ ಗೆರೆಯನ್ನು ದಂಡಕ್ಕೆ ಇಟ್ಟುಕೊಂಡಿದೆ ಎಂದೂ ಅಲ್ಲ. ಸ್ವಿಚ್ ಹಾಕಿದಾಗ ಕಾಣುವ ಮೋಡ್ 7ರಲ್ಲಿ ಟೆಲಿಟೆಕ್ಸ್ಟ್ ಚಿಪ್ಪು ಎರಡು ಕಂತಿಗೂ ಬೇರೆಬೇರೆ ಚುಕ್ಕಿ ಕೊಟ್ಟು ಅಕ್ಷರಗಳ ಮೂಲೆಗಳನ್ನು ನಯಮಾಡುತ್ತದೆ. ಅಲ್ಲಿ ಅರ್ಧ ಗೆರೆ ಅನ್ನ ತಿಂದ ಮನೆಗೆ ದುಡಿಯುತ್ತದೆ.

ಅರ್ಧ ಗೆರೆ ತೆಗೆದ ಮೇಲೆ ಇನ್ನೊಂದು ಕಾಣುತ್ತದೆ: ಪ್ರತಿ ಗೆರೆಯ ನಡುವೆ ಕಪ್ಪು ತೆರಪು. ಅಕ್ಕಡಿ ಸಾಲು ಹಾಕದೆ ಬಿಟ್ಟ ಜಾಗ. ನನಗೆ ಸಿಟ್ಟು ಬರಿಸುವ ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಹಳೆಯ ಕಾಲ ಎಂದು ತೋರಿಸಬೇಕಾದಾಗಲೆಲ್ಲ ಈಗಿನವರು ಫೋನಿನಲ್ಲಿ ಒಂದು ಫಿಲ್ಟರ್ ಹಾಕಿ, ಚಿತ್ರದ ಮೇಲೆ ಕರೀ ಪಟ್ಟೆ ಬಳಿಯುತ್ತಾರೆ. ದೂರದರ್ಶನದ ಧಾರಾವಾಹಿಗೂ ಅದೇ ಪಟ್ಟೆ! ಸ್ವಾಮೀ, ದೂರದರ್ಶನದ ಚಿತ್ರದಲ್ಲಿ ಆ ತೆರಪು ಇರಲೇ ಇಲ್ಲ. ತುಂಬಿಸುವುದಕ್ಕೆಂದೇ ಅರ್ಧ ಗೆರೆ ಇದ್ದದ್ದು. ತೆರಪು ಕಂಡದ್ದು ಕಂಪ್ಯೂಟರು, ವಿಡಿಯೊ ಗೇಮುಗಳಲ್ಲಿ. ಅಲ್ಲೂ ಅದು ಒಂದೇ ಅಳತೆಯ ಪಟ್ಟೆಯಲ್ಲ. ಬೆಳಕು ಹೆಚ್ಚಿದ ಕಡೆ ಕಿರಣ ಉಬ್ಬಿ ಗೆರೆ ದಪ್ಪವಾಗುತ್ತದೆ, ತೆರಪು ಸಣ್ಣಗಾಗುತ್ತದೆ. ಮಂದ ಬಣ್ಣದಲ್ಲಿ ಗೆರೆ ದಾರದೆಳೆ, ತೆರಪು ಅಗಲ. ಸ್ಕೇಲು ಹಿಡಿದು ಎಳೆದ ಕರೀ ಪಟ್ಟೆಗೂ ಇದಕ್ಕೂ ಸಂಬಂಧವಿಲ್ಲ.

ಬೈಯುವುದು ಹೇಗೂ ಶುರುವಾಯಿತು, ಇನ್ನೊಂದನ್ನೂ ಮುಗಿಸಿಬಿಡುತ್ತೇನೆ. ಮೇಷ್ಟ್ರು ಕಾಗದದ ಕೊನೆಯಲ್ಲಿ, ಮಾನಿಟರಿನ ಪಕ್ಕ ಮನೆಯವರು ಕಳ್ಳಿಗಿಡದ ಕುಂಡ ಇಟ್ಟಿದ್ದಾರೆ, ವಿಕಿರಣ ಹೀರುತ್ತದಂತೆ, ನಿಜವೇ ಎಂದು ಕೇಳಿದ್ದಾರೆ. ವಿಜ್ಞಾನದ ಮೇಷ್ಟ್ರು ಕೇಳುವ ಪ್ರಶ್ನೆಯೇ ಇದು? ಟ್ಯೂಬಿನೊಳಗೆ ಸಾವಿರಾರು ವೋಲ್ಟಿನ ಹೊಡೆತಕ್ಕೆ ಒಂದಿಷ್ಟು ಎಕ್ಸ್-ರೇ ಹುಟ್ಟುವುದು ಹೌದು. ಅದನ್ನು ಹೀರಲೆಂದೇ ಆ ದಪ್ಪ ಗಾಜಿದೆ, ಮಾನಿಟರಿನ ತೂಕದಲ್ಲಿ ದೊಡ್ಡ ಪಾಲು ಆ ಗಾಜಿನದೇ. ಅದನ್ನೂ ದಾಟಿ ಏನೋ ಬಂತು ಎಂದೇ ಇಟ್ಟುಕೊಂಡರೂ, ನಿಮ್ಮ ಮುಖದತ್ತ ನೆಟ್ಟಗೆ ಬರುವುದನ್ನು ಪಕ್ಕದಲ್ಲಿ ಕೂತ ಕಳ್ಳಿ ಹೇಗೆ ತಡೆಯುತ್ತದೆ? ಕೊಡೆಯನ್ನು ಪಕ್ಕದವರ ಕೈಗೆ ಕೊಟ್ಟು ಮಳೆಯಲ್ಲಿ ನಡೆದ ಹಾಗಾಯಿತು. ಭಯಪಡಬೇಕಾದದ್ದು ಬೇರೆ ಇದೆ: ಸ್ವಿಚ್ ಆರಿಸಿದ ಮೇಲೂ ಟ್ಯೂಬು ಆ ಸಾವಿರಾರು ವೋಲ್ಟನ್ನು ಹಿಡಿದಿಟ್ಟುಕೊಂಡಿರಬಲ್ಲದು. ಡಬ್ಬಿ ಬಿಚ್ಚಬೇಡಿ. ಆಯುಧಪೂಜೆಗೆ ಹೂ ಇಡಿ, ಗಾಳಿ ಕಿಂಡಿಯ ಮೇಲೆ ಮಾತ್ರ ಅರಿಸಿನ–ಕುಂಕುಮ ಉದುರಿಸಬೇಡಿ.

ಈ ಮಾನಿಟರುಗಳಿಂದ ಒಂದು ಸಣ್ಣ ಸಿಳ್ಳೆ ಬರುತ್ತದೆ. ಕಿರಣ ಸೆಕೆಂಡಿಗೆ 15,625 ಗೆರೆ ಎಳೆಯುವಾಗ ಒಳಗಿನ ಟ್ರಾನ್ಸ್‌ಫಾರ್ಮರು ಅದೇ ತಾಳಕ್ಕೆ ಅದುರಿ ಹುಟ್ಟುವ ಸ್ವರ ಅದು. ನಮ್ಮ ಮನೆಯಲ್ಲಿ ಮೊಮ್ಮಗಳು ಅಂಗಳದಲ್ಲಿದ್ದುಕೊಂಡೇ ‘ತಾತ, ನಿನ್ ಟೀವಿ ಆರ್ಸಿಲ್ಲ’ ಎನ್ನುತ್ತಾಳೆ. ಪಕ್ಕದಲ್ಲೇ ಕೂತ ನನಗೆ ಕೇಳಿಸುವುದಿಲ್ಲ. ನನ್ನ ಕಿವಿಯಿಂದ ಆ ಸ್ವರ ಯಾವ ವರ್ಷ ಬಿಟ್ಟುಹೋಯಿತೋ, ಹೋಗುವಾಗ ಹೇಳಿ ಹೋಗಲಿಲ್ಲ.

ಇಷ್ಟನ್ನು ಚುಟುಕಾಗಿ ಬರೆದು ಮೇಷ್ಟ್ರಿಗೆ ಅಂಚೆಗೆ ಹಾಕಿದ್ದೆ. ಮೊನ್ನೆ ಫೋನ್ ಬಂತು. ‘ನಿಂತುಬಿಟ್ವು ಸಾರ್ ಅಕ್ಷರ, ಗೊಮ್ಮಟನ ಹಾಗೆ! ಆದರೆ ಈಗ ಬಿಳೀ ಪರದೆ ಮಾಡಿದರೆ ಕೆಳಗಡೆ ಅಡ್ಡಕ್ಕೆ ಒಂದು ಗೀರು ಕಾಣ್ತದೆ. ಅಕ್ಕನ ಮಗ ಎತ್ತಿ ಇಳಿಸುವಾಗ ಗೀರಿರಬೇಕು.’ ಪರದೆಯ ಮೂರನೇ ಒಂದು ಭಾಗದಷ್ಟು ಮೇಲೆ, ಕೂದಲಿನಷ್ಟು ಸಣ್ಣ ನೆರಳೇ ಎಂದು ಕೇಳಿದೆ. ಹೌದು ಎಂದರು. ಅದು ಗೀರಲ್ಲ ಮೇಷ್ಟ್ರೇ, ಸೋನಿಯ ಟ್ರಿನಿಟ್ರಾನ್ ಟ್ಯೂಬಿನ ಜನ್ಮಗುರುತು. ಬಣ್ಣ ಬೇರ್ಪಡಿಸಲು ಒಳಗೆ ನೂರಾರು ಲೋಹದ ಎಳೆಗಳನ್ನು ವೀಣೆಯ ತಂತಿಯಂತೆ ಮೇಲಿಂದ ಕೆಳಕ್ಕೆ ಬಿಗಿದಿರುತ್ತಾರೆ. ಅವು ಅದುರದಿರಲಿ ಎಂದು ಅಡ್ಡಕ್ಕೆ ಒಂದು ಸಣ್ಣ ತಂತಿ, ದೊಡ್ಡ ಟ್ಯೂಬಾದರೆ ಎರಡು. ಅದರ ನೆರಳು ಅದು. ಗಾಜಿನ ಒಳಗಿದೆ, ಒರೆಸಿದರೆ ಹೋಗುವುದಿಲ್ಲ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಹಲ್ಲುಪುಡಿ ಹಾಕಿ ಉಜ್ಜಿ ಆಯ್ತಲ್ಲ ಸಾರ್’ ಎಂದರು.