ವೃದ್ಧಾಪ್ಯದಲ್ಲಿ ಹಸಿವಿನ ಇಳಿಕೆ
ವಯಸ್ಸಾದಂತೆ ಹಸಿವು ಮತ್ತು ಆಹಾರ ಸೇವನೆಯ ಪ್ರಮಾಣ ಕಡಿಮೆಯಾಗುವುದು ಸಾಮಾನ್ಯ. ಮುಪ್ಪಿನಲ್ಲಿ ಜಠರವು ನಿಧಾನವಾಗಿ ಖಾಲಿಯಾಗುತ್ತದೆ. ಹೊಟ್ಟೆ ತುಂಬಿದ ಸೂಚನೆ ನೀಡುವ ಕೊಲಿಸಿಸ್ಟೊಕೈನಿನ್ ಹಾರ್ಮೋನಿನ ಮಟ್ಟವೂ ಹೆಚ್ಚಿರುತ್ತದೆ. ಇದರಿಂದ ಕೆಲವೇ ತುತ್ತುಗಳಿಗೆ ಸಾಕೆನಿಸುತ್ತದೆ. ರುಚಿ ಮತ್ತು ವಾಸನೆಯ ಗ್ರಹಣಶಕ್ತಿ ಕುಂದುವುದು, ಹಲ್ಲು ಬೀಳುವುದು, ಕೆಲವು ಔಷಧಗಳು, ಒಂಟಿಯಾಗಿ ಉಣ್ಣಬೇಕಾದ ಸ್ಥಿತಿ ಇವೂ ಕಾರಣಗಳಾಗಿವೆ.

'ವಯಸ್ಸಾಯಿತು, ಇಷ್ಟೇ ಸಾಕು' ಎಂಬ ಮಾತು ಅರ್ಧ ಮಾತ್ರ ನಿಜ. ಶಕ್ತಿಯ ಅಗತ್ಯ ತಗ್ಗಿದರೂ ಪ್ರೋಟೀನಿನ ಅಗತ್ಯ ತಗ್ಗುವುದಿಲ್ಲ. ಅದರ ಕೊರತೆಯಿಂದ ಸ್ನಾಯುಗಳು ಕ್ಷೀಣಿಸಿ, ಬೀಳುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಬೇಳೆ, ಹಾಲು, ಮೊಟ್ಟೆಯಂತಹ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಸೇವಿಸುವುದು ಅನುಕೂಲ. 6ರಿಂದ 12 ತಿಂಗಳ ಅವಧಿಯಲ್ಲಿ ದೇಹತೂಕವು ಪ್ರಯತ್ನವಿಲ್ಲದೆಯೇ ಶೇಕಡಾ 5ರಷ್ಟು ಅಥವಾ ಹೆಚ್ಚು ಇಳಿದರೆ ವೈದ್ಯಕೀಯ ತಪಾಸಣೆ ಅಗತ್ಯ.